ಗಾಳಿಯಲ್ಲಿ ಕೈ ಬೀಸುವ ಆಟ

ಮೊನ್ನೆ ರವಿವಾರ ಮಧ್ಯಾಹ್ನ ಅಥಣಿಯ ನಮ್ಮ ಮನೆಯಲ್ಲಿ ಮಗಳು ವಿಡಿಯೊ ಗೇಮಿನ ಹೊಸ ರಿಮೋಟೊಂದನ್ನು ನನ್ನ ಅಂಗೈಯಲ್ಲಿಟ್ಟು, “ಕಣ್ಣ ಮುಚ್ಚಪ್ಪಾ” ಅಂದಳು. ಮುಚ್ಚಿದೆ. ಅಂಗೈಯೊಳಗೆ ಏನೋ ಸಣ್ಣಗೆ ಉರುಳಿತು, ಕಡ್ಡಿಪೆಟ್ಟಿಗೆಯಲ್ಲಿ ಗೋಲಿ ಹಾಕಿ ಅಲುಗಿಸಿದ ಹಾಗೆ. ಕಣ್ಣು ಬಿಟ್ಟು ನೋಡಿದರೆ ಗೋಲಿ ಎಲ್ಲಿಯದು? ರಿಮೋಟು ನಡುಗುತ್ತಿತ್ತು, ಅಷ್ಟೇ.

“ಹೆಂಗೈತಿ? ಖರೇನ ಗೋಲಿ ಅದಾವ ಅನಸ್ತೈತಿಲ್ಲ? ಇದು ಹೊಸಾ ಶೋಧನಾ ಅಂತ ಅಪ್ಪಾ. ಹೌದೋ, ಬರೇ ಗಿಮಿಕ್ಕೋ?”

ಗಿಮಿಕ್ಕು ಅನ್ನುವ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾಕೆ ಅಂತೀರಾ? ಹತ್ತು ವರ್ಷಗಳಿಗೂ ಹಿಂದೆ ಇದೇ ಮಾತನ್ನು ದೊಡ್ಡ ತಜ್ಞನ ಹಾಗೆ ಹೇಳಿದ್ದೆ. ಅದನ್ನು ಕೇಳಿಸಿಕೊಂಡವಳು ನನ್ನ ಅವ್ವ.

ಆಗ ನಾವಿದ್ದದ್ದು ಉಗಾರ ಖುರ್ದದಲ್ಲಿ, ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯ ನೌಕರ. ನಾನು ಬಿ.ಎ. ಮುಗಿಸಿ ನೌಕರಿ ಹುಡುಕುತ್ತಿದ್ದೆ. ಹುಡುಕುವುದು ಬೆಳಿಗ್ಗೆ ಪೇಪರು ಬಂದಾಗ ಮಾತ್ರ; ಉಳಿದ ಹೊತ್ತೆಲ್ಲ ಟಿವಿಯ ಮುಂದೆ ಕೂತು ವಿಡಿಯೊ ಗೇಮಿನ ಗುಂಡಿ ಒತ್ತುತ್ತಿದ್ದೆ. ಒತ್ತಿ ಒತ್ತಿ ಎಡ ಹೆಬ್ಬೆರಳು ಜಡ್ಡುಗಟ್ಟಿತ್ತು. ನಮ್ಮ ಅತ್ತೆಯೊಬ್ಬಳು ಅದನ್ನು ನೋಡಿ, ಹುಡುಗ ಕಬ್ಬು ಕಡಿಯಲು ಹೋಗಿದ್ದಾನೆಂದು ತಿಳಿದು ಕಣ್ಣೀರು ತಂದುಕೊಂಡು ಕೊಬ್ಬರಿ ಎಣ್ಣೆ ತಿಕ್ಕಿದ್ದಳು. ನಾನೂ ಸುಮ್ಮನೆ ತಿಕ್ಕಿಸಿಕೊಂಡಿದ್ದೆ.

ಹೀಗಿರುವಾಗ ಪುಣೆಯಿಂದ ಮಾಮಾ ಬಂದ. ಅವ್ವನ ತಮ್ಮ. ಹೊಸ ಸಾಮಾನು ಯಾವುದೇ ಬರಲಿ, ಮೊದಲು ತನ್ನ ಮನೆಗೇ ಬರಬೇಕು ಅನ್ನುವ ಮನುಷ್ಯ. ಈ ಸಲ ಚೀಲದಿಂದ ತೆಗೆದದ್ದು ಟಿವಿಗೆ ಜೋಡಿಸುವ ಒಂದು ಸಣ್ಣ ಗೇಮ್ ಮಷಿನ್ನು, ಅದರ ಜೊತೆ ಉದ್ದನೆಯ ಎರಡು ಬಿಳಿ ರಿಮೋಟು.

“ಗುಂಡಿ ಒತ್ತೂದ ಬ್ಯಾಡೋ. ನಿಂತು ಕೈ ಬೀಸು, ಟಿವಿಯಾಗ ಚಂಡು ಹೊಡೀತೈತಿ” ಅಂದ.

“ಇದು ಗಿಮಿಕ್ ಮಾಮಾ. ನಾಕ ದಿನ ಕುಣೀತಾರ, ಆಮ್ಯಾಲ ಮೂಲ್ಯಾಗ ಒಗೀತಾರ” ಅಂದೆ.

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅವ್ವ ಕೇಳಿದಳು: “ಗಿಮಿಕ್ ಅಂದ್ರ ಏನೋ?”

“ನಾಟಕ ಅವ್ವಾ. ಮಂದೀನ ಮಳ್ಳ ಮಾಡೂದು.”

“ಮತ್ತ ನೀ ಇಷ್ಟ ದಿನ ಮಾಡಿದ್ದೇನು? ಕುಂತಲ್ಲೇ ಕುಂತು ಹೆಬ್ಬಟ್ಟ ಒತ್ತತಿ, ಒಳಗಿನಾಂವ ಓಡತಾನ. ಹೆಬ್ಬಟ್ಟಿಗೂ ಓಡೂದಕ್ಕೂ ಏನ ಸಂಬಂಧೋ? ಇದರಾಗ ನಾವು ಕೈ ಬೀಸಿದ್ರ ಒಳಗಿನಾಂವನೂ ಕೈ ಬೀಸತಾನ. ನಾಟಕ ಯಾವುದು?”

ಮಾಮಾ ಬಿದ್ದು ಬಿದ್ದು ನಕ್ಕ. ಅವ್ವ ಸೆರಗು ಸಿಕ್ಕಿಸಿ ನಿಂತೇ ಬಿಟ್ಟಳು. ಆಟ ಟೆನಿಸ್ಸು. ದಿನಾ ಎರಡು ಹೊತ್ತು ರೊಟ್ಟಿ ಬಡಿದ ಕೈ ಅದು. ಚೆಂಡು ಬಂತೆಂದರೆ ರಪ್ಪಂತ ಬಡಿಯುತ್ತಿದ್ದಳು. ನಾನು ಜಡ್ಡುಗಟ್ಟಿದ ಹೆಬ್ಬೆರಳು ಹೊತ್ತು ಒಂದಾದ ಮೇಲೊಂದು ಆಟ ಸೋತೆ. ಸೆನ್ಸರ್ ಸರಿ ಇಲ್ಲ ಅಂದೆ. ಬೆಳಕು ಜಾಸ್ತಿ ಅಂದೆ. ಕೊನೆಗೆ, ಇದನ್ನು ನಾನು ಆಟ ಅಂತಲೇ ಒಪ್ಪುವುದಿಲ್ಲ ಅಂದು ಎದ್ದುಹೋದೆ.

ಮಾಮಾ ಅದನ್ನು ಅಕ್ಕನಿಗೇ ಬಿಟ್ಟು ಪುಣೆಗೆ ಹೋದ. ಅಪ್ಪ ಪಾಳಿ ಮುಗಿಸಿ ಬಂದರೆ ಮಲಗಿಬಿಡುವರು. ಅವ್ವ ಮಷಿನ್ನಿನ ಜೊತೆಗೇ ಆಡಿ ಗೆದ್ದಳು, ಮತ್ತೂ ಗೆದ್ದಳು, ಆದರೆ ಮುಖ ಅರಳಲಿಲ್ಲ. “ಇದನ್ನ ಸೋಲಿಸಿ ಏನ ಬಂತು? ಇದಕ್ಕ ಸಿಟ್ಟ ಬರೂದಿಲ್ಲ” ಅನ್ನುವಳು.

ಪಕ್ಕದ ಮನೆ ಸುಶೀಲಾಬಾಯಿಯದು. ಮನೆಮಾತು ಮರಾಠಿ, ಜಗಳಕ್ಕೆ ಮಾತ್ರ ಕನ್ನಡ. ಅವರಿಗೂ ಅವ್ವನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಕಬ್ಬು ಅರೆಯುವ ಕಾಲಕ್ಕೆ ಕಾರ್ಖಾನೆಯ ಚಿಮಣಿಯಿಂದ ಕರಿ ಬೂದಿ ಬಂದು ಒಗೆದು ಹಾಕಿದ ಅರಿವೆಯ ಮೇಲೆಲ್ಲ ಕೂರುತ್ತದೆ. ಸುಶೀಲಾಬಾಯಿ ಮಾಳಿಗೆಯ ಮೇಲೆ ತಮ್ಮ ಸೀರೆ ಝಾಡಿಸಿದ್ದರು. ಆ ಬೂದಿಯೆಲ್ಲ ಕೆಳಗೆ ಅಂಗಳದಲ್ಲಿ ಒಣಹಾಕಿದ್ದ ಅವ್ವನ ಸಂಡಿಗೆಯ ಮೇಲೆ ಉದುರಿತ್ತು. ಸಿಟ್ಟಿಗೆ ಅವ್ವ ಒಂದು ಚರಿಗೆ ನೀರನ್ನು ಮೇಲಕ್ಕೆ ಎರಚಿದ್ದಳು. ಅವತ್ತಿಗೆ ಎರಡೂ ಮನೆಯ ಮಾತು ಬಂದ್.

ಒಂದು ಮಧ್ಯಾಹ್ನ ಸುಶೀಲಾಬಾಯಿ ತಮ್ಮ ಕಟ್ಟೆಯ ಮೇಲೆ ನಿಂತು ತುಳಸಿಗಿಡಕ್ಕೆ ಹೇಳಿದರು: “ಏನ ಧಡಧಡ ಕುಣೀತಾರೋ ಏನೋ! ನಮ್ಮ ಗ್ವಾಡಿ ಬೀಳಾಕತ್ತೈತಿ.”

ಅವ್ವ ಬಾಗಿಲಿಗೆ ಬಂದು ನನಗೆ ಹೇಳಿದಳು: “ಕಸುವು ಇದ್ದವ್ರು ಒಳಗ ಬಂದು ಆಡಬೇಕು, ಹೊರಗ ನಿಂತು ಗೊಣಗಬಾರದು ಅಂತ ಹೇಳಲೇ.”

ಮೂರು ಮಾರು ಅಂತರದಲ್ಲಿದ್ದವರಿಗೆ ನಾನು ಏನು ಹೇಳಲಿ? ಅಷ್ಟರಲ್ಲಿ ಅವರೇ ಅಂದರು: “ಕಸುವು ಯಾರಿಗೈತಿ ತೋರಸ್ತೀನಿ ಅಂತ ಹೇಳಪಾ ನಿಮ್ಮವ್ವಗ.” ಚಪ್ಪಲಿ ಕಳಚಿ ಒಳಗೆ ಬಂದೇ ಬಿಟ್ಟರು.

ನಾನು ಆಮೇಲೆ ಎಷ್ಟೋ ದೊಡ್ಡ ಆಟಗಾರರ ಟೆನಿಸ್ ನೋಡಿದ್ದೇನೆ. ಅಂಥ ಆಟ ನೋಡಿಲ್ಲ. “ತಗೋ, ಇದು ಸಂಡಗಿಗೆ!” ಅಂತ ಅವ್ವ ಬೀಸಿದರೆ, “ಇದು ಚರಗಿ ನೀರಿಗೆ!” ಅಂತ ಸುಶೀಲಾಬಾಯಿ ಬೀಸುವರು. ಎರಡು ವರ್ಷ ಒಳಗೆ ಕೊಳೆತದ್ದೆಲ್ಲ ಟಿವಿಯೊಳಗಿನ ಆ ಹಳದಿ ಚೆಂಡಿನ ಮೇಲೆ ಬಿತ್ತು. ರಿಮೋಟಿನ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕೆಂದು ನಾನು ಹೇಳುತ್ತಲೇ ಇದ್ದೆ, ಕೇಳುವವರಾರು? ಕೊನೆಯ ಹೊಡೆತಕ್ಕೆ ಸುಶೀಲಾಬಾಯಿಯ ರಿಮೋಟು ಕೈಬಿಟ್ಟು ಹಾರಿ, ಅವ್ವನ ಹಣೆಗೆ ಟಣ್ಣಂತ ಬಡಿಯಿತು.

ಅವ್ವ ಹಣೆ ಹಿಡಿದುಕೊಂಡು ಕೂತಳು. ಇನ್ನು ಈ ಎರಡು ಮನೆ ಈ ಜನ್ಮದಲ್ಲಿ ಕೂಡುವುದಿಲ್ಲ ಅಂದುಕೊಂಡೆ.

“ಅಗ ಬಾಯಿ! ವೈನೀ, ವೈನೀ, ಬೇಕಂತ ಮಾಡ್ಲಿಲ್ರಿ!” ಅತ್ತಿಗೆ ಅತ್ತಿಗೆ ಅಂತ ಮರಾಠಿಯಲ್ಲಿ ಕೂಗುತ್ತ ಸುಶೀಲಾಬಾಯಿ ಓಡಿ ಬಂದು ಸೆರಗಿನಿಂದಲೇ ಹಣೆ ಒತ್ತಿ ಹಿಡಿದರು. ಬಾವು ಆಗಲೇ ನಿಂಬೆಹಣ್ಣಿನಷ್ಟಾಗಿತ್ತು.

ಅವ್ವ ಒಂದು ಕಣ್ಣು ತೆರೆದು ಕೇಳಿದಳು: “ಪಾಯಿಂಟ್ ಯಾರದು?”

ನಗು ಮೊದಲು ಯಾರಿಗೆ ಬಂತೋ ತಿಳಿಯದು. ಅಪ್ಪ ನಿದ್ದೆಯಿಂದೆದ್ದು ಬಂದಾಗ ಇಬ್ಬರೂ ನೆಲದ ಮೇಲೆ ಕೂತು ಉಸಿರುಗಟ್ಟಿ ನಗುತ್ತಿದ್ದರು. ಆಮೇಲೆ ಅರಿಷಿಣ ಹಚ್ಚುತ್ತ ಸುಶೀಲಾಬಾಯಿ ಮೆತ್ತಗೆ ಅಂದರು: “ಆವತ್ತ ಕೆಳಗ ಸಂಡಗಿ ಇದ್ದದ್ದ ನಾ ನೋಡ್ಲಿಲ್ರಿ ವೈನಿ.”

“ಗೊತ್ತಿತ್ರಿ.”

“ಮತ್ತ ಯಾಕ ಮಾತ ಬಿಟ್ರಿ?”

“ನೀವ ಬಿಟ್ರಿ ಅಂತ ನಾನೂ ಬಿಟ್ಟೆ.”

ಆಮೇಲೆ ದಿನಾ ಮಧ್ಯಾಹ್ನ ಆಟ, ಆಟದ ಮೇಲೆ ಚಹಾ. ಮರುವರ್ಷ ಕರೆಂಟು ಏರಿಳಿದು ಮಷಿನ್ನು ಸುಟ್ಟುಹೋಯಿತು. ರಿಮೋಟುಗಳು ನಾನು ಹೇಳಿದ ಹಾಗೆಯೇ ಮೂಲೆಗೆ ಬಿದ್ದವು. ಆ ತರಹದ ರಿಮೋಟನ್ನು ಲೋಕವೂ ಬಹುಮಟ್ಟಿಗೆ ಮರೆತು ಮತ್ತೆ ಗುಂಡಿಗೇ ಬಂತು. ಅಂದಮೇಲೆ ನನ್ನ ಮಾತೇ ನಿಜವಾಯಿತಲ್ಲ? ಆದರೆ ಸುಶೀಲಾಬಾಯಿ ಚಹಾಕ್ಕೆ ಬರುವುದು ನಿಲ್ಲಲಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅದನ್ನು ಯಾರೂ ಒಪ್ಪಲಿಲ್ಲ.

“ಹೇಳಪ್ಪಾ, ಗಿಮಿಕ್ಕೋ ಅಲ್ಲೋ?” ಮಗಳು ಇನ್ನೂ ಕಾಯುತ್ತಿದ್ದಳು.

“ಗೊತ್ತಿಲ್ಲವಾ. ಇನ್ನೊಂದ ರಿಮೋಟ್ ಐತೇನು?”

ಐತಿ ಅಂದಳು, ಬೆರಗಿನಿಂದ. ಚಾಪೆ ಹಾಸಿ ಅವಳ ಪಕ್ಕದಲ್ಲಿ ಕೂತೆ. ಈ ಸಲದ್ದು ಗಾಡಿ ಓಡಿಸುವ ಆಟ. ಮೊದಲ ಆಟದಲ್ಲಿ ನನ್ನ ಗಾಡಿಯನ್ನು ಗಟಾರಕ್ಕೆ ಕೆಡವಿದಳು, ಎರಡನೆಯದರಲ್ಲಿ ಗೋಡೆಗೆ ತಿಕ್ಕಿದಳು, ಮೂರನೆಯದರಲ್ಲಿ ನಾನು ಅವಳ ಜಡೆ ಎಳೆದು ಮೋಸ ಮಾಡಿಯೂ ಸೋತೆ. ಗದ್ದಲ ಕೇಳಿ ಹೆಂಡತಿ ಒಳಗಿನಿಂದ ಕೂಗಿದಳು: “ಹೊಸಾ ರಿಮೋಟ್ ಹೆಂಗೈತ್ರಿ? ಖರೇನ ನಡಗತೈತೇನು?”

“ಅದನ್ನ ನೋಡಾಕ ಪುರಸೊತ್ತ ಎಲ್ಲೈತಿ?” ಅಂದೆ. “ನಿನ್ನ ಮಗಳು ಬಿಡಬೇಕಲ್ಲ!”