ಮೌನಪ್ಪನ ಅರ್ಧ ರೆಕಾರ್ಡು

"ಏ, ತೀನ್ ಕಂದೀಲ್ ಚೌಕದ ಹತ್ರ ನಿಂತವರಽ, ಚಹಾ ಕೆಳಗಿಟ್ಟು ಈ ಕಡಿ ಕಿವಿ ಕೊಡ್ರಿ! ನಮ್ಮ ರಾಯಚೂರಾಗ ಒಬ್ಬಾಂವ ಜಾಜ್ ಊದ್ತಿದ್ದ. ನಗಬ್ಯಾಡ್ರಿ ಲೇ, ಪೂರಾ ಕೇಳ್ರಿ."

ಅವನ ಹೆಸರು ಮೌನಪ್ಪ. ಹುಟ್ಟಿದ್ದು ದೇವದುರ್ಗದಲ್ಲಿ, ಹಲಗೆ ಬಾರಿಸುವವರ ಮನೆಯಲ್ಲಿ. ಕೂಲಿ ಹುಡುಕಿಕೊಂಡು ಸಿಕಂದರಾಬಾದಿಗೆ ಹೋದವನು ದಂಡಿನ ಕ್ಲಬ್ಬಿನಲ್ಲಿ ಕುರ್ಚಿ ಹೊರುತ್ತಿದ್ದ. ಅಲ್ಲಿ ಗೋವೆಯ ವಾದಕನೊಬ್ಬ ಅವನಿಗೆ ಸ್ಯಾಕ್ಸೋಫೋನ್ ಕಲಿಸಿದ. ಎರಡನೆಯ ಮಹಾಯುದ್ಧದ ಲಡಾಯಿ ಶುರುವಾದ ಮೇಲೆ ಗೋರಾ ಸಿಪಾಯಿಗಳು ಕುಣಿಯಲು ಬರುತ್ತಿದ್ದರು. ಮೌನಪ್ಪ ಕ್ಲಬ್ಬಿನ ತಂಡದಲ್ಲಿ ಮೂರು ವರ್ಷ ಅವರಿಗೆ ಜಾಜ್ ಊದಿದ. ಆ ತಂಡದ ಮೂರು ರೆಕಾರ್ಡುಗಳು ಬಂದವು. ಮೂರರಲ್ಲೂ ಅವನ ಉಸಿರಿದೆ, ಒಂದರ ಮೇಲೂ ಅವನ ಹೆಸರಿಲ್ಲ.

ಆಮೇಲೆ ಕೆಮ್ಮು ಹತ್ತಿತು. ಕ್ಲಬ್ಬಿನವರು ಒಂದು ಹಳೆಯ ಸ್ಯಾಕ್ಸೋಫೋನ್ ಕೈಗಿಟ್ಟು ಕಳಿಸಿಬಿಟ್ಟರು. ರಾಯಚೂರಿಗೆ ಬಂದು ಬುರ್ಹಾನುದ್ದೀನ್ ಎಂಬವರ ಮದುವೆ ಬ್ಯಾಂಡಿಗೆ ಸೇರಿದ. ಮಾನ್ವಿ, ಕಲ್ಲೂರು, ಮಲ್ಲಟ, ಎಲ್ಲಿ ಮದುವೆಯೋ ಅಲ್ಲಿಗೆ ನಡಿಗೆ. ಆ ಬ್ಯಾಂಡಿಗೆ ಒಂದೇ ಕಾನೂನು. ಮುಂದೆ ನಡೆಯುವ ಬುರ್ಹಾನುದ್ದೀನ್ ಕೈ ಎತ್ತಿದರೆ ಎಲ್ಲರೂ ಗಪ್ಪನೆ ನಿಲ್ಲಿಸಬೇಕು. ನಮಾಜಿನ ಹೊತ್ತಿನ ಮಸೀದಿ ಬಂತು, ಇಲ್ಲವೇ ಹೆಣ ಇಟ್ಟ ಮನೆ ಬಂತು ಎಂದರ್ಥ. ಬಾಯಲ್ಲಿದ್ದ ಸ್ವರವನ್ನೂ ನುಂಗಬೇಕು.

ಸಾವಿರದ ಒಂಬೈನೂರ ನಲವತ್ತನಾಲ್ಕರ ಚಳಿಗಾಲದಲ್ಲಿ ಡಾಕ್ಟರು ಹೇಳಿಬಿಟ್ಟರು: ಇದು ಕ್ಷಯ, ಊದಿದರೆ ಬೇಗ ಹೋಗುತ್ತೀ. ಅದೇ ವಾರ ಪರ ಊರಿನ ರೆಕಾರ್ಡು ಕಂಪನಿಯ ಸಾಹೇಬನೊಬ್ಬ ತನ್ನ ಯಂತ್ರ ತಂದು ಸ್ಟೇಷನ್ ಹತ್ತಿರ ಕೋಣೆ ಹಿಡಿದ. ಬುರ್ಹಾನುದ್ದೀನ್ ಓಡಿ ಬಂದರು.

"ಮೌನ್ಯಾ, ಸಾಹೇಬ್ರನ್ನ ಒಪ್ಪಿಸೀನಿ. ರೆಕಾರ್ಡಿನ ಮ್ಯಾಲ ನಿನ್ನ ಹೆಸರಽ ಹಾಕ್ತಾರಂತ."

ಮೌನಪ್ಪನ ಹೆಂಡತಿ ಯಮನಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಡಾಕ್ಟರ್ ಏನಂದಾನ, ನೆಪ್ಪದ ಇಲ್ಲ ನಿನಗ?"

"ನೆಪ್ಪದ, ಅದಕ್ಕಽ ಹೊಂಟೀನಿ," ಎಂದ ಮೌನಪ್ಪ. "ಈ ಉಸುರು ನಿಲ್ಲೂದು ಖರೇನಽ ಅದ. ನಿಲ್ಲೂದ್ರಾಗ ಒಂದು ರೆಕಾರ್ಡ್ ತಟ್ಟಿ ಮ್ಯಾಲರ ಉಳೀಲಿ."

ಮೂವರೂ ಹೋದರು. ಸದ್ದು ಮಾರ್ದನಿಸದಂತೆ ಗೋಡೆಗೆಲ್ಲ ಕೌದಿ ತೂಗುಹಾಕಿದ ಕೋಣೆ. ಯಮನಮ್ಮ ಹೊರಗೆ ಕಟ್ಟೆಯ ಮೇಲೆ ಕುಳಿತಳು. ಸಾಹೇಬ ಮೇಣದ ತಟ್ಟೆ ತೋರಿಸಿದ. ಲಡಾಯಿಯಿಂದ ಸಾಮಾನು ಸಿಗುತ್ತಿಲ್ಲ, ಉಳಿದಿರುವುದು ಇದೊಂದೇ, ಮಧ್ಯಾಹ್ನದ ಗಾಡಿಗೆ ತಾನು ಹೊರಡಬೇಕು ಎಂದ.

ಮೌನಪ್ಪ ಊದತೊಡಗಿದ. ಅಪ್ಪ ಬಾರಿಸುತ್ತಿದ್ದ ಹಲಗೆಯ ನಡೆಯನ್ನು ಹಿಡಿದು, ಅದರ ಮೇಲೆ ಜಾಜಿನವರ ಹಾಗೆ ಮನಸ್ಸು ಬಂದಲ್ಲಿಗೆ ಸ್ವರ ತಿರುಗಿಸುತ್ತ ಹೋದ. ಒಮ್ಮೆಯೂ ಕೆಮ್ಮಲಿಲ್ಲ. ಬುರ್ಹಾನುದ್ದೀನ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆಗ ಸಾಹೇಬ ಕೈ ಎತ್ತಿದ.

ಮೌನಪ್ಪ ಗಪ್ಪನೆ ನಿಲ್ಲಿಸಿಬಿಟ್ಟ.

ತಟ್ಟೆ ತಿರುಗುತ್ತಲೇ ಇತ್ತು, ಸೂಜಿ ಖಾಲಿ ಮೇಣ ಕೊರೆಯುತ್ತಲೇ ಇತ್ತು.

"ಯಾಕ್ ನಿಲ್ಸಿದ್ರಿ?" ಸಾಹೇಬ ಕಿರುಚಿದ.

"ನೀವಽ ಕೈ ಎತ್ತಿದ್ರಲ್ರೀ?"

"ಅರ್ಧ ಟೈಮ್ ಆಯ್ತು ಅಂತ ಎತ್ತಿದ್ದು!"

ಸಿಕಂದರಾಬಾದಿನಲ್ಲಿ ರೆಕಾರ್ಡು ಮಾಡುವಾಗ ಇಂಥ ಸನ್ನೆಗಳನ್ನು ತಂಡದ ಹಿರಿಯನೇ ನೋಡಿಕೊಳ್ಳುತ್ತಿದ್ದ. ಮೌನಪ್ಪನಿಗೆ ಗೊತ್ತಿದ್ದುದು ಬುರ್ಹಾನುದ್ದೀನರ ಕೈಯೊಂದೇ. ಅವರು ಹಣೆ ಬಡಿದುಕೊಂಡರು. "ಯಾ ಅಲ್ಲಾ, ಇಂವಂದೇನ್ ತಪ್ಪಿಲ್ರೀ ಸಾಹೇಬ್ರಽ. ಎರಡು ವರ್ಷ ನಾನಽ ಹಿಂಗ ಕಲಿಸೀನಿ."

ಅರ್ಧ ರಾಗವನ್ನು ಯಾರೂ ಕೊಳ್ಳುವುದಿಲ್ಲ, ಮತ್ತೆ ಮಾಡಲು ಗಾಡಿಯ ಹೊತ್ತಾಯಿತು, ಮುಂದೆ ಮೇಣ ಕೆರೆದು ಬೇರೆಯವರಿಗೆ ಬಳಸುತ್ತೇನೆ ಎಂದ ಸಾಹೇಬ.

"ಕೆರಿಯೂಕಿಂತ ಮೊದಲ ಒಮ್ಮೆ ಕೇಳಿಸ್ರಿ," ಎಂದ ಮೌನಪ್ಪ.

ಮೇಣ ಮೆತ್ತಗಿರುತ್ತದೆ, ಒಮ್ಮೆ ಸೂಜಿ ಹಾಯ್ದರೆ ರಾಗ ಅಳಿಸಿಹೋಗುತ್ತದೆ ಎಂದ ಸಾಹೇಬ.

"ಒಮ್ಮೆ ಸಾಕ್ರೀ."

ಮೌನಪ್ಪ ಯಮನಮ್ಮನನ್ನು ಒಳಗೆ ಕರೆದ. ಆಕೆ ಯಂತ್ರದ ಬಾಯಿಗೆ ಕಿವಿ ಹಚ್ಚಿ ಕೇಳಿದಳು. "ಚಂದ ಅದ," ಎಂದಳು. ಆಮೇಲೆ, "ನಡುನಡುವ ಅದೇನು, ಹಳೇ ಅರಿವಿ ಹರದಂಗ ಸಪ್ಪಳ?"

"ಅದೂ ನಾನಽ, ನನ್ನ ಎದಿ ಉಸುರು," ಎಂದ ಮೌನಪ್ಪ.

ಅಲ್ಲಿಗೆ ಮೇಣದ ಮೇಲಿನ ರಾಗವೂ ಮುಗಿಯಿತು. ಸಾಹೇಬನ ಗಾಡಿ ಹೊರಟಾಗ ಮೂವರೂ ಸ್ಟೇಷನ್ ಎದುರಿನ ಬೇವಿನ ಮರದ ಕೆಳಗಿದ್ದರು. ಯಮನಮ್ಮ ಮೆಲ್ಲಗೆ ಕೇಳಿದಳು, "ಮುಂದ ಹೆಂಗದ ಅದು? ಉಳಿದದ್ದು?"

ಅವನು ಸ್ಯಾಕ್ಸೋಫೋನಿನ ಪೆಟ್ಟಿಗೆ ತೆರೆದು, ನಿಂತುಕೊಂಡೇ ಊದಿದ. ಜಟಕಾದವರು ನಕ್ಕರು, ಆಮೇಲೆ ಹತ್ತಿರ ಬಂದು ನಿಂತರು. ಕೊನೆಗೆ ಬರುವಷ್ಟರಲ್ಲಿ ಸ್ವರ ಏಳಲೇ ಇಲ್ಲ, ಬರೀ ಗಾಳಿ. ಮತ್ತೊಮ್ಮೆ ಊದಿದ, ಗಾಳಿ. ಮೂರನೆಯ ಸಲ ರಕ್ತ ಬಂತು. ಯಮನಮ್ಮ ಸೆರಗು ಅಗಲಿಸಿ, ಜನಕ್ಕೆ ಕಾಣದಂತೆ ಅವನ ಮುಂದೆ ನಿಂತಳು.

ಮೌನಪ್ಪ ಬಾಯಿ ಒರೆಸಿಕೊಂಡ. ಸ್ಯಾಕ್ಸೋಫೋನನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡಿ ಹಾಕಿ, ಬುರ್ಹಾನುದ್ದೀನರ ಕೈಗೆ ಕೊಟ್ಟ.

"ಯಾರಿಗರ ಕೊಡ್ರಿ. ಮೊದಲ ಕುದಿಯೂ ನೀರಾಗ ತೊಳೀರಿ," ಎಂದು ಹೇಳಿ, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಮನೆಯ ಕಡೆ ನಡೆದ.