ಗೇಟಿನ ತನಕ ಬಂದ ಚಿಕ್ಕಮ್ಮ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕ ಕೂತು ಇಡ್ಲಿ ತಿನ್ನುತ್ತಿದ್ದೆ. ಕೆಳಗೆ ಗೇಟಿನ ಹತ್ತಿರ ಒಂದು ಆಟೊ ಬಂದು ನಿಂತಿತು. ಒಳಗೆ ನಮ್ಮ ಪದ್ದು ಚಿಕ್ಕಮ್ಮ. ನೀಲಿ ಕಾಟನ್ ಸೀರೆ, ಮಡಿಲಲ್ಲಿ ಹಣ್ಣಿನ ಚೀಲ.

ಕರೆದುಕೊಂಡು ಬರೋಣ ಅಂತ ಇಡ್ಲಿ ಬಿಟ್ಟು ಎದ್ದೆ. ಚಿಕ್ಕಮ್ಮ ಒಂದು ಕಾಲು ಹೊರಗಿಟ್ಟರು. ಮತ್ತೆ ಒಳಗೆ ಎಳೆದುಕೊಂಡರು. ಡ್ರೈವರ್ ಹಿಂದಕ್ಕೆ ತಿರುಗಿ ಏನೋ ಕೇಳಿದ. ಆಟೊ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಮೇಲೆ ವಾರ್ಡಿನಲ್ಲಿ ಅಮ್ಮ ಕಾಯುತ್ತಿದ್ದಳು. ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಿತ್ತು. ನಾನು ಒಳಗೆ ಹೋದ ಕೂಡಲೇ ಕೇಳಿದಳು, "ಪದ್ದು ಬಂದ್ಲಾ?"

"ಟ್ರಾಫಿಕ್ಕಂತೆ ಅಮ್ಮ. ಇನ್ನೊಂದು ದಿನ ಬರ್ತಾರಂತೆ."

(ಚೆನ್ನೈಯಲ್ಲಿ ಯಾವ ಸುಳ್ಳಿಗೂ ಟ್ರಾಫಿಕ್ ಸಾಕು. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.)

ಈ ಅಂಕಣ ಓದುವವರಿಗೆ ನಮ್ಮಮ್ಮ ಗೊತ್ತು. ಅವಳ ತಂಗಿಯ ವಿಷಯ ಮಾತ್ರ ನಾನು ಬರೆದಿರಲಿಲ್ಲ. ಚಿಕ್ಕಮ್ಮ ಸೈನ್ಯದಲ್ಲಿ ನರ್ಸ್ ಆಗಿದ್ದವರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಿಂದ ಟ್ರಂಕು ಹಿಡಿದು ಹೊರಟ ಹುಡುಗಿ, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. ನಡುವಿನ ವರ್ಷಗಳು ಹೆಚ್ಚಾಗಿ ಕಳೆದದ್ದು ಗಡಿಯ ಹತ್ತಿರದ ಮಿಲಿಟರಿ ಆಸ್ಪತ್ರೆಗಳಲ್ಲಿ. ಮದುವೆ ಮಾಡಿಕೊಳ್ಳಲಿಲ್ಲ. ಈಗ ಪಲ್ಲಾವರಂನಲ್ಲಿ ಒಂದು ಸಣ್ಣ ಫ್ಲ್ಯಾಟಿನಲ್ಲಿ ಇದ್ದಾರೆ. (ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟರು. ಒಂದೇ ಷರತ್ತು: "ಎಲ್ಲೂ ಪಾಪ ಅಂತ ಬರೀಬೇಡ." ಬರೆಯುವುದಿಲ್ಲ.)

ಇಂಥವರು ಆಸ್ಪತ್ರೆಯ ಗೇಟಿನಿಂದ ವಾಪಸ್ ಹೋದರು ಅಂದರೆ ಮನೆಯಲ್ಲಿ ಮಾತು ಏಳದೆ ಇರುತ್ತದೆಯೇ? ನನ್ನಿಂದ ವಿಷಯ ತಿಳಿದ ನಮ್ಮ ಸೋದರಮಾವ ಫೋನಿನಲ್ಲಿ ಹೇಳಿಯೇಬಿಟ್ಟರು. "ಇಡೀ ಆರ್ಮಿಗೆ ಬ್ಯಾಂಡೇಜ್ ಕಟ್ಟಿದೋಳು. ಸ್ವಂತ ಅಕ್ಕನ್ನ ನೋಡಕ್ಕೆ ಆಗಲ್ವಂತಾ?"

ನನಗೂ ಹಾಗೇ ಅನ್ನಿಸಿತ್ತು. ಅಮ್ಮ ದಿನಾ ಬಾಗಿಲು ನೋಡುತ್ತಿದ್ದಳಲ್ಲ, ಅದನ್ನು ನೋಡುತ್ತಾ ಕೂರುವುದು ಕಷ್ಟ.

ಶುಕ್ರವಾರ ಆಫೀಸಿಗೆ ರಜೆ ಹಾಕಿ ಪಲ್ಲಾವರಂಗೆ ಹೋದೆ. ಅಂದು ಅಲ್ಲಿ ಸಂತೆ. ಹಳೇ ಫ್ಯಾನು, ಮೀನಿನ ತೊಟ್ಟಿ, ಗುಲಾಬಿ ಗಿಡ, ಪಾರಿವಾಳ ಎಲ್ಲವನ್ನೂ ದಾಟಿಕೊಂಡು ಚಿಕ್ಕಮ್ಮನ ಮನೆ ತಲುಪುವ ಹೊತ್ತಿಗೆ ನನ್ನ ಅರ್ಧ ಕೋಪ ಬೆವರಾಗಿ ಹೋಗಿತ್ತು. ಉಳಿದರ್ಧ ಅವರ ಮುಖ ನೋಡಿದಾಗ ಹೋಯಿತು. ನಿದ್ದೆಯಿಲ್ಲದ ಕಣ್ಣು. ಮನೆ ಮಾತ್ರ ಎಂದಿನಂತೆ ಥಳಥಳ.

"ಗೇಟ್ ತನಕ ಬಂದಿದ್ದೆ ಮಂಜು," ಅವರೇ ಶುರುಮಾಡಿದರು.

"ನೋಡಿದೆ ಚಿಕ್ಕಮ್ಮ."

ಅವರು ತಲೆಯಾಡಿಸಿದರು. "ಸ್ಟ್ರೆಚರ್ ತಳ್ಳಿಕೊಂಡು ಹೋಗ್ತಾ ಇದ್ರು. ಚಕ್ರದ ಸದ್ದು. ಆಮೇಲೆ ಆ ಸ್ಪಿರಿಟ್ ವಾಸನೆ. ಕಾಲು ಬರಲೇ ಇಲ್ಲ."

"ಒಂದು ಮಾತು ಹೇಳಬಹುದಿತ್ತಲ್ಲ?"

"ಏನಂತ ಹೇಳಲಿ? ನರ್ಸಿಗೆ ಆಸ್ಪತ್ರೆ ಭಯ ಅಂತಲಾ?"

ಆಮೇಲೆ ಅವರೇ ಇನ್ನೊಂದು ವಿಷಯ ಹೇಳಿದರು. ಮಾಜಿ ಸೈನಿಕರ ಮಾನಸಿಕ ಆರೋಗ್ಯ ನೋಡಿಕೊಳ್ಳುವ ಒಂದು ಪುಟ್ಟ ಕೇಂದ್ರಕ್ಕೆ ಕೆಲವು ತಿಂಗಳಿಂದ ಹೋಗುತ್ತಿದ್ದಾರಂತೆ. ನಮಗೆ ಯಾರಿಗೂ ಗೊತ್ತಿಲ್ಲ. "ಅಲ್ಲಿ ಮಲರ್ ಅಂತ ಒಬ್ಬಳು ಇದಾಳೆ. ಮನೆಯವರು ಯಾರನ್ನಾದರೂ ಕರ್ಕೊಂಡು ಬನ್ನಿ ಅಂತ ಪ್ರಾಣ ತಿಂತಾಳೆ. ನೀನು ಬರ್ತೀಯಾ?"

ಹೋದೆ.

ಮಲರ್‌ಗೆ ಮೂವತ್ತು ದಾಟಿರಬಹುದು. ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಅವಳ ಕೆಲಸ ಏನು ಅಂತ ಅರ್ಥವಾಗಲು ನನಗೆ ಒಂದು ಗಂಟೆಯೇ ಬೇಕಾಯಿತು. ನಿದ್ದೆಗೆ ಮಾತ್ರೆ ಕೊಡುವ ಮನೋವೈದ್ಯರಿಗೆ ಬಿ.ಪಿ. ಡಾಕ್ಟರು ಏನು ಕೊಟ್ಟಿದ್ದಾರೆ ಅಂತ ಗೊತ್ತಿರುವುದಿಲ್ಲ. ಮಾತಾಡಿಸುವ ಕೌನ್ಸೆಲರ್‌ಗೆ ಮಾತ್ರೆಯ ಮಂಪರು ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಿರುವುದಿಲ್ಲ. ಮನೆಯವರಿಗಂತೂ ಯಾವುದೂ ಗೊತ್ತಿರುವುದಿಲ್ಲ, ಆದರೂ ಎಲ್ಲರಿಗಿಂತ ಹೆಚ್ಚು ಸಲಹೆ ಅವರದೇ. ಇವರೆಲ್ಲರ ನಡುವೆ ಓಡಾಡಿ, ಫೋನ್ ಮಾಡಿ, ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸಿ, ಎಲ್ಲರನ್ನೂ ಒಂದೇ ಕಡೆ ಮುಖ ಮಾಡಿ ನಿಲ್ಲಿಸುವುದು ಅವಳ ಕೆಲಸ.

ಯಾವ ಕಡೆಗೆ? ಆ ಮಾತಿಗೆ ಬರುತ್ತೇನೆ.

ಅದಕ್ಕೆ ಮುಂಚೆ ಮಲರ್ ಹೇಳಿದ ಒಂದು ಕತೆ. ಅಲ್ಲಿ ವಾರಕ್ಕೊಮ್ಮೆ ಮಾಜಿ ಸೈನಿಕರು ವೃತ್ತವಾಗಿ ಕೂತು ಮನಸ್ಸಿನ ಮಾತು ಆಡಿಕೊಳ್ಳುತ್ತಾರೆ. ಚಿಕ್ಕಮ್ಮನನ್ನೂ ಅದಕ್ಕೆ ಸೇರಿಸಿದರು. ಮೊದಲ ದಿನ ಚಿಕ್ಕಮ್ಮ ಒಳಗೆ ಕಾಲಿಟ್ಟಿದ್ದೇ ತಡ, ಹವಾಲ್ದಾರರು, ಸುಬೇದಾರರು ಎಲ್ಲ ಎದ್ದು ನೆಟ್ಟಗೆ ನಿಂತುಬಿಟ್ಟರು. "ಜೈ ಹಿಂದ್ ಮೇಡಮ್." ಲೆಫ್ಟಿನೆಂಟ್ ಕರ್ನಲ್ ಎದುರಿಗೆ ಕೂತು ನನಗೆ ಅಳು ಬರುತ್ತೆ ಅಂತ ಯಾರು ಹೇಳುತ್ತಾರೆ? ಮೇಡಮ್ ಆದರೂ ಯಾರ ಹತ್ತಿರ ಹೇಳಬೇಕು? ಕೊನೆಗೆ ಒಬ್ಬರ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡುವ ರೀತಿ ತೋರಿಸಿಕೊಟ್ಟು ಮನೆಗೆ ಬಂದರಂತೆ.

"ಎಲ್ಲರಿಗೂ ಒಳ್ಳೇದಾಯ್ತು, ಇವರೊಬ್ಬರನ್ನ ಬಿಟ್ಟು," ಅಂದಳು ಮಲರ್ ತಮಿಳಿನಲ್ಲಿ. ಚಿಕ್ಕಮ್ಮ ನಕ್ಕರು.

ಮಲರ್ ಚಿಕ್ಕಮ್ಮನನ್ನು ಆ ಗುಂಪಿನಿಂದ ಬಿಡಿಸಿ, ಕೊಯಮತ್ತೂರಿನಲ್ಲಿರುವ ಇನ್ನೊಬ್ಬ ನಿವೃತ್ತ ಮಿಲಿಟರಿ ನರ್ಸನ್ನು ಹುಡುಕಿದಳು. ಈಗ ಇಬ್ಬರೂ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತಾರೆ. ಏನು ಮಾತಾಡುತ್ತಾರೋ ಮಲರ್‌ಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲವಂತೆ.

ಅಷ್ಟು ಹೊತ್ತಿಗೆ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ನಾನು ಹೋದ ದಿನ ಕೋಣೆಯಲ್ಲಿ ಮನೋವೈದ್ಯರು, ಮಲರ್, ಚಿಕ್ಕಮ್ಮ, ನಾನು. ನಾನು ಸುಮ್ಮನಿರುವ ಜಾತಿಯವಳಲ್ಲ, ನಿಮಗೇ ಗೊತ್ತು. ಎಲ್ಲರಿಗಿಂತ ಮೊದಲು ಬಾಯಿ ತೆರೆದೆ. "ಅಮ್ಮನಿಗೆ ಮುಂದಿನ ತಿಂಗಳು ಚೆಕಪ್ ಇದೆ. ಅಷ್ಟರೊಳಗೆ ಚಿಕ್ಕಮ್ಮ ಆಸ್ಪತ್ರೆ ಒಳಗೆ ಬರೋ ಹಾಗೆ ಮಾಡಬಹುದಾ? ಮತ್ತೆ, ಅಲ್ಲಿ ಬಾರ್ಡರ್‌ನಲ್ಲಿ ಏನಾಯ್ತು ಅಂತ ನಮಗೆ ಸ್ವಲ್ಪ ಗೊತ್ತಾದರೆ..."

ಮಲರ್ ನನ್ನನ್ನು ಮಧ್ಯದಲ್ಲೇ ತಡೆದಳು. ಒರಟಾಗಿ ಅಲ್ಲ. "ಅಕ್ಕಾ, ಏನಾಯ್ತು ಅಂತ ಗೊತ್ತಾಗಬೇಕಿರೋದು ನಿಮಗೆ. ಅವರು ಹೇಳಬೇಕು ಅನ್ನಿಸಿದಾಗ ಹೇಳ್ತಾರೆ, ಇಲ್ಲದಿದ್ದರೆ ಇಲ್ಲ. ನಾವು ಕೇಳೋ ಪ್ರಶ್ನೆ ಬೇರೆ." ಆಮೇಲೆ ಕುರ್ಚಿಯನ್ನು ಚಿಕ್ಕಮ್ಮನ ಕಡೆ ತಿರುಗಿಸಿಕೊಂಡಳು. "ಮೇಡಮ್, ಉಂಗಳುಕ್ಕು ಎನ್ನ ವೇಣುಂ?"

ನಿಮಗೇನು ಬೇಕು?

ಈ ಪ್ರಶ್ನೆಯನ್ನು ಚಿಕ್ಕಮ್ಮ ಜೀವಮಾನವೆಲ್ಲ ಕೇಳುತ್ತಾ ಬಂದವರು. ನೀರು ಬೇಕಾ, ದಿಂಬು ಬೇಕಾ, ಮನೆಗೆ ಫೋನ್ ಮಾಡಬೇಕಾ. ಉತ್ತರ ಹೇಳುವ ಕಡೆ ಕೂತು ಅಭ್ಯಾಸವಿಲ್ಲ. ನನಗೆ ಬಾಯಿ ತುರಿಸುತ್ತಿತ್ತು. ಮನೋವೈದ್ಯರು ಕೂಡ ಆರಾಮವಾಗಿ ಕಾಯುತ್ತಿದ್ದರು. ಡಾಕ್ಟರೊಬ್ಬರು ಗಡಿಯಾರ ನೋಡದೆ ಕಾಯುವುದನ್ನು ನೀವು ಯಾವಾಗಾದರೂ ನೋಡಿದ್ದೀರಾ?

"ಅಕ್ಕನ ತಲೆಗೆ ನೀರು ಹಾಕಬೇಕು," ಅಂದರು ಚಿಕ್ಕಮ್ಮ. ಕನ್ನಡದಲ್ಲೇ. ನಾನು ಮಲರ್‌ಗೆ ತಮಿಳಿನಲ್ಲಿ ಹೇಳಿದೆ.

"ಚಿಕ್ಕವಳಿದ್ದಾಗ ಶನಿವಾರ ಶನಿವಾರ ಅವಳೇ ನನಗೆ ಎಣ್ಣೆ ಹಚ್ಚಿ ನೀರು ಹಾಕ್ತಿದ್ದಳು. ಈಗ ಅವಳಿಗೆ ಬಗ್ಗೋಕಾಗಲ್ಲ. ಯಾರೋ ಸಂಬಳದ ಹೆಂಗಸು ಹಾಕ್ತಾಳೆ." ತಮ್ಮ ಬೆರಳುಗಳನ್ನು ನೋಡಿಕೊಂಡರು. "ಆದರೆ ನನ್ನ ಕೈಯಲ್ಲಿ ಯಾರು ಸಿಕ್ಕಿದರೂ ಪೇಷಂಟ್ ಆಗಿಬಿಡ್ತಾರೆ. ಮುಟ್ಟಿದ ತಕ್ಷಣ ಬೆರಳು ನಾಡಿ ಹುಡುಕುತ್ತೆ. ನಿಂತುಹೋಗಿದೆಯಾ ಅಂತ ನೋಡುತ್ತೆ. ನನಗೆ ಅಕ್ಕನ್ನ ತಂಗಿ ಥರ ಮುಟ್ಟಬೇಕು. ಅಷ್ಟೇ."

ಆಸ್ಪತ್ರೆಯ ಗೇಟು ಅವರ ಬಯಕೆಯಲ್ಲಿ ಎಲ್ಲೂ ಇರಲಿಲ್ಲ. ಅದು ನನ್ನ ಬಯಕೆಯಾಗಿತ್ತು.

ನೋಡಿ, ಎಲ್ಲರನ್ನೂ ಮುಖ ಮಾಡಿ ನಿಲ್ಲಿಸಬೇಕಾದ ಕಡೆ ಸಿಕ್ಕಿತು. ಮಲರ್ ಕೂತಲ್ಲೇ ಕೆಲಸ ಹಂಚಿದಳು. ಬೆಳಿಗ್ಗೆ ಮಂಪರು ಇರದ ಹಾಗೆ ಮಾತ್ರೆಯ ಹೊತ್ತು ಬದಲಿಸುವುದು ಡಾಕ್ಟರ ಪಾಲು. ಮುಟ್ಟುವುದರ ಭಯ ಕೌನ್ಸೆಲರ್ ಪಾಲು. ನೀರು ಹಾಕುವ ದಿನ ಬೆಳಿಗ್ಗೆ ಕೊಯಮತ್ತೂರಿನ ಗೆಳತಿಯ ಫೋನು. ನನ್ನ ಪಾಲಿಗೆ ಬಂದದ್ದು, ಮನೆಯಿಂದ ಡೆಟಾಲ್, ಸ್ಪಿರಿಟ್ಟು, ಕೀಚಲು ಸದ್ದಿನ ವೀಲ್‌ಚೇರು ಎಲ್ಲವನ್ನೂ ಕಣ್ಮರೆ ಮಾಡುವುದು. ಮಾವನ ಪಾಲಿಗೆ, ಅಂದು ನಮ್ಮ ಮನೆಗೆ ಬಾರದಿರುವುದು. (ಇದು ನನ್ನ ಸಲಹೆ. ಸರ್ವಾನುಮತದಿಂದ ಅಂಗೀಕಾರವಾಯಿತು.)

"ಆಗಲಿಲ್ಲ ಅಂದ್ರೆ?" ಅಂತ ಕೇಳಿದರು ಚಿಕ್ಕಮ್ಮ.

"ಎದ್ದು ಹೋಗಿ ಮೇಡಮ್. ಯಾರೂ ಹಿಂದೆ ಬರಲ್ಲ, ಯಾರೂ ಫೋನ್ ಮಾಡಲ್ಲ. ಅದೂ ಪ್ಲ್ಯಾನಿನಲ್ಲೇ ಇದೆ."

ಮೊದಲ ಸಲ ಆಗಲಿಲ್ಲ. ಒಂದು ಶನಿವಾರ ಚಿಕ್ಕಮ್ಮ ಅಣ್ಣಾ ನಗರದ ನಮ್ಮ ಮನೆಗೆ ಬಂದರು. ಸಂತೆಯಲ್ಲಿ ಕೊಂಡ ಸೀಗೆಪುಡಿ ತಂದಿದ್ದರು. ಅಕ್ಕನ ಎದುರಿಗೆ ಕೂತರು, ಕಾಫಿ ಕುಡಿದರು. ಅಮ್ಮ ವಾಕರ್ ಹಿಡಿದು ಎದ್ದಾಗ ಅದರ ಕಾಲು ನೆಲಕ್ಕೆ ತಾಗಿ ಕಟಕಟ ಅಂದಿತು. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. "ಹೋಗಿ ಬರ್ತೀನಿ ಅಕ್ಕ," ಅಂದವರೇ ಹೊರಟುಬಿಟ್ಟರು. ಹಿಂದೆ ಓಡದಂತೆ ನನ್ನನ್ನು ನಾನೇ ಹಿಡಿದುಕೊಂಡೆ.

ಮಲರ್‌ಗೆ ಫೋನ್ ಮಾಡಿ ಗೋಳಾಡಿದೆ. ಅವಳು ಕೇಳಿದ್ದು ಒಂದೇ. "ಕಾಫಿ ಕುಡಿದ್ರಾ?"

"ಕುಡಿದ್ರು."

"ಹೋದ ತಿಂಗಳು ಗೇಟಿನ ಹೊರಗೆ ಇದ್ರು ಅಕ್ಕಾ. ಇವತ್ತು ಕಾಫಿ ಕುಡಿದಿದಾರೆ."

ವಾಕರಿನ ಕಾಲಿಗೆ ರಬ್ಬರ್ ಬುಷ್ ಹಾಕಿಸಿದೆವು. ಇಷ್ಟು ಸಣ್ಣದು ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಎರಡನೇ ಸಲ, ಅಮ್ಮ ಬಾತ್‌ರೂಮಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ ನಿಂತರು. ಬಟ್ಟಲಿನಲ್ಲಿ ಬೆಚ್ಚಗಿನ ಎಣ್ಣೆ. ನಾನು ಟವೆಲ್ ಹಿಡಿದು ಬಾಗಿಲಲ್ಲಿ. ಬೆರಳು ನೆತ್ತಿಯಿಂದ ಕಿವಿಯ ಹಿಂದಕ್ಕೆ ಇಳಿಯಿತು, ಅಲ್ಲಿಂದ ಕುತ್ತಿಗೆಗೆ. ಅಲ್ಲಿ ನಿಂತಿತು. ನನಗೆ ಗೊತ್ತಾಯಿತು.

ಅಮ್ಮನಿಗೆ ಈ ನಾಡಿಯ ವಿಷಯ ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಅಂದಳು, "ಇಲ್ಲೇ ಇದೀನಿ ಪದ್ದು. ಉಜ್ಜು."

ಬೆರಳು ಮತ್ತೆ ಚಲಿಸಿತು.

ಸೀಗೆಪುಡಿ ಕಲಸುವಾಗ ಚಿಕ್ಕಮ್ಮ ಮೆಲ್ಲಗೆ ಹೇಳಿದರು. "ಅಕ್ಕ, ಅವತ್ತು ಆಸ್ಪತ್ರೆ ಗೇಟ್ ತನಕ ಬಂದಿದ್ದೆ. ಒಳಗೆ ಬರೋಕಾಗಲಿಲ್ಲ."

ಅಮ್ಮ ಟ್ರಾಫಿಕ್ಕಿನ ಸುಳ್ಳು ಹೇಳಿದ ನನ್ನ ಕಡೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು. "ಪಲ್ಲಾವರಂನಿಂದ ಅಣ್ಣಾ ನಗರ್ ಆಸ್ಪತ್ರೆಗೆ. ಅಷ್ಟು ದೂರ ಬಂದಿದೀಯಲ್ಲ," ಅಂದಳು. ಆಮೇಲೆ, "ನೀರು ಆರ್ತಾ ಇದೆ, ಹಾಕು."

ನಾವೆಲ್ಲ ಅವರು ಬಾರದೆ ಉಳಿದ ದೂರ ಅಳೆದಿದ್ದೆವು, ಗೇಟಿನಿಂದ ಮಂಚದ ತನಕ. ಅಮ್ಮ ಅಳೆದದ್ದು ಅವರು ಬಂದ ದೂರ. ಟವೆಲ್ಲನ್ನು ಬಾಗಿಲಿಗೆ ನೇತುಹಾಕಿ ನಾನು ಅಡುಗೆಮನೆಗೆ ಹೋದೆ. ಅಲ್ಲಿ ನನ್ನ ಅವಶ್ಯಕತೆ ಇರಲಿಲ್ಲ.

ಸಂಜೆ ಮಾವನ ಫೋನು. "ಏನಂತೆ, ಪೂರ್ತಿ ಸರಿಹೋಯ್ತಾ?"

ಈ ಪ್ರಶ್ನೆಗೆ ಏನು ಹೇಳುವುದು? ಕಾಲು ಮುರಿದರೆ ಪ್ಲಾಸ್ಟರ್ ತೆಗೆಯುವ ದಿನ ಅಂತ ಒಂದಿದೆ. ಇದಕ್ಕೆ ಅಂಥ ದಿನ ಇಲ್ಲ ಅಂತ ಮನೋವೈದ್ಯರು ಆವತ್ತೇ ಹೇಳಿದ್ದರು. ಚಕ್ರದ ಸದ್ದು ಚಿಕ್ಕಮ್ಮನಿಗೆ ನಾಳೆಯೂ ಕೇಳುತ್ತದೆ. ಅದು ಕೇಳುತ್ತಿರುವಾಗಲೂ ಅಕ್ಕನ ಜಡೆ ಹಾಕಲು ಆದರೆ, ಅವರ ಲೆಕ್ಕದಲ್ಲಿ ಅದೇ ಚೇತರಿಕೆ. ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ. "ತಲೆಗೆ ನೀರು ಹಾಕಿದ್ರು ಮಾವ," ಅಂದೆ. ಅವರು "ಚಿಕ್ಕೋಳಿದ್ದಾಗ ಸೀಗೆಪುಡಿ ಕಣ್ಣಿಗೆ ಬಿತ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಅಳೋಳು ಅವಳು," ಅಂದರು. ದನಿ ಸ್ವಲ್ಪ ಬದಲಾಗಿತ್ತು.

ಮುಂದಿನ ಶನಿವಾರ ಚಿಕ್ಕಮ್ಮ ಬರಲಿಲ್ಲ. ಬೆಳಿಗ್ಗೆ ಅವರೇ ಫೋನ್ ಮಾಡಿದರು. "ನಿದ್ದೆ ಇಲ್ಲ ಮಂಜು. ಇವತ್ತು ಆಗಲ್ಲ. ಅಕ್ಕನಿಗೆ ಹೇಳು." ಕಾರಣ ಹುಡುಕಲಿಲ್ಲ, ನೆಪ ಹೇಳಲಿಲ್ಲ. ನಾನೂ ಈ ಸಲ ಅಮ್ಮನಿಗೆ ಟ್ರಾಫಿಕ್ ಅನ್ನಲಿಲ್ಲ. ಅಮ್ಮ "ಸರಿ, ಮಲಕ್ಕೊಳ್ಳಲಿ" ಅಂದು ಪೇಪರ್ ಓದತೊಡಗಿದಳು.

ಮೊನ್ನೆ ಮತ್ತೆ ಬಂದರು. ನೀರು ಹಾಕಿ, ಕೂದಲು ಆರಿಸಿ, ಸಡಿಲವಾಗಿ ಜಡೆ ಹೆಣೆದು, ಇಬ್ಬರೂ ಯಾವುದೋ ಹಳೇ ಟೀಚರನ್ನು ನೆನೆಸಿಕೊಂಡು ಹೊಟ್ಟೆ ಹಿಡಿದು ನಕ್ಕು, ಊಟ ಮುಗಿಸಿ ಹೊರಟರು. ಲಿಫ್ಟಿನ ತನಕ ನಾನೂ ಹೋದೆ. ಎದುರು ಮನೆಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಹಿಡಿದು ಕಾಯುತ್ತಿದ್ದರು. ಚಿಕ್ಕಮ್ಮ ಬಂದಿರುವ ಸುದ್ದಿ ಅವರಿಗೆ ಹೇಗೆ ಸಿಕ್ಕಿತೋ ಗೊತ್ತಿಲ್ಲ.

"ಸಿಸ್ಟರ್, ಈ ಶುಗರ್ ರಿಪೋರ್ಟ್ ಕೊಂಚಂ ಪಾರುಂಗಳೇನ್," ಸ್ವಲ್ಪ ನೋಡಿ ಅಂತ ಮುಂದಕ್ಕೆ ಚಾಚಿದರು.

ಚಿಕ್ಕಮ್ಮನ ಕೈ ರಿಪೋರ್ಟಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಆ ಕೈಯಲ್ಲಿ ಇನ್ನೂ ಸೀಗೆಪುಡಿಯ ವಾಸನೆ ಇದ್ದಿರಬೇಕು.

"ಇನ್ನಿಕ್ಕಿ ನಾನ್ ಲೀವ್ ಸಾರ್," ಇವತ್ತು ನಾನು ರಜೆ ಅಂತ ನಗುತ್ತಾ ಹೇಳಿ ಲಿಫ್ಟ್ ಹತ್ತಿದರು.

ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಚಿಕ್ಕಮ್ಮ ಹಾಕಿದ ಮೊದಲ ರಜೆ ಅದು, ಮಂಜೂರು ಮಾಡಿದವರೂ ಅವರೇ.