ಕಾರಿಗೆ ಹಾಕಿದ ಬೋಟಿನ ಎಣ್ಣೆ

ಕಡಲತಡಿಯ ಕೋಡಿಯಲ್ಲಿ ಚಂದಯ್ಯನೆಂದರೆ ಬೋಟಿನ ಗೇರುಗಳ ಡಾಕ್ಟರು. ಅವನು ‘ಅಡ್ಡಿಲ್ಲ’ ಎಂದ ಮೇಲೆಯೇ ಬೋಟುಗಳು ಅಳಿವೆ ದಾಟಿ ಕಡಲಿಗೆ ಇಳಿಯುತ್ತಿದ್ದವು. ಕೈಗುಣ ದೊಡ್ಡದೇ, ಸುಳ್ಳಲ್ಲ. ಜಂಬ ಅದಕ್ಕಿಂತ ಒಂದು ಮುಷ್ಟಿ ಹೆಚ್ಚು.

ಮೀನು ವ್ಯಾಪಾರದ ಕುಸುಮಾವತಿ ಎಡಗಾಲಿನ ಗಂಟುನೋವೆಂದು ಕ್ಲಚ್ ಇಲ್ಲದ ಕಾರು ಕೊಂಡಿದ್ದಳು. ಗೇರಿನ ಎಣ್ಣೆ ಬದಲಿಸುವ ಹೊತ್ತಿಗೆ ಶೋರೂಮ್ ಬಿಟ್ಟು ಇವನ ಶೆಡ್ಡಿಗೇ ತಂದಳು. ಅವಳ ಗಂಡ, ಮೈದುನ ಇಬ್ಬರೂ ಇವನು ನೋಡಿಕೊಳ್ಳುವ ಬೋಟಿನಲ್ಲೇ ಮೀನಿಗೆ ಹೋಗುವವರು; ಆ ನಂಬಿಕೆ.

“ಇದ್ಕೆ ಬೇರೆ ಎಣ್ಣಿ ಅಂಬ್ರ್ ಚಂದಣ್ಣ. ಒಂದ್ಸಲ ಯಾರತ್ರಾರೂ ಕೇಣಿ.”

“ನಂಗ್ ಕಲ್ಸುಕೆ ಬತ್ಯಾ? ಕಡಲಂಗೆ ಕೈ ಬಿಡದ್ ಎಣ್ಣಿ ಟಾರ್ ರಸ್ತಿಯಂಗೆ ಬಿಡ್ತಾ?”

ಆನೆ ನಡೆದದ್ದೇ ದಾರಿ! ಹಳೆಯದನ್ನು ಬಸಿದು ಬೋಟಿಗೆ ಹಾಕುವ ದಪ್ಪ ಎಣ್ಣೆಯನ್ನೇ ತುಂಬಿದ.

ವಾರವಾಗಲಿಲ್ಲ, ತಲ್ಲೂರಿನ ಹತ್ತಿರ ಇಂಜಿನ್ ಕಿರುಚಿತು, ಕಾರು ಕದಲಲಿಲ್ಲ. ಹಗ್ಗ ಕಟ್ಟಿ ಎಳೆದು ಶೆಡ್ಡಿಗೆ ತಂದರು. ಎಣ್ಣೆ ಬಸಿದರೆ ಸುಟ್ಟ ವಾಸನೆ, ಉಕ್ಕಿನ ಪುಡಿ. ಶೋರೂಮಿನಲ್ಲಿ ಕೆಲಸಕ್ಕಿದ್ದ ಪರಿಚಯದ ರತೀಶನಿಗೆ ಚಂದಯ್ಯ ಫೋನು ಮಾಡಿದ.

“ಅಯ್ಯೋ ದೇವ್ರೆ! ಅದ್ರಂಗೆ ಗೇರಿನ್ ಹಲ್ಲೇ ಇಲ್ಲೆ ಮಾರಾಯ್ರೆ. ಎರಡ್ ಪುಲ್ಲಿ, ಒಂದ್ ಉಕ್ಕಿನ್ ಬೆಲ್ಟ್. ಅದ್ರದ್ದೇ ಎಣ್ಣಿ ಹಾಕ್ದಿದ್ರೆ ಬೆಲ್ಟ್ ಜಾರಿ ಎಲ್ಲ ತಿಂದ್ ಹಾಕತ್ತ್.”

ಬಸಿದ ಎಣ್ಣೆಯ ಡಬ್ಬವನ್ನು ಚಂದಯ್ಯ ಮೂಲೆಗೆ ಸರಿಸಿದ. ಅಷ್ಟರಲ್ಲಿ ಕುಸುಮಾವತಿ ಕುಂಟುತ್ತ ಬಂದಳು. “ಎಂತ ಆಯ್ತ್?”

“ಗೇರಿಗೆ ನೀರ್ ಹೊಕ್ಕಿತ್ತ್ ಕಾಣ್. ಹೊಂಡಕ್ಕೆ ಇಳ್ಸಿದ್ಯಾ?” ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಅವಳು ಅವನ ಮುಖ ನೋಡಿ, “ಹೌದಾ” ಎಂದಷ್ಟೇ ಹೇಳಿ ಹೋದಳು.

ಮರುದಿನ ಬಂದರಿನಲ್ಲಿ ಹೆಂಗಸರು ಕಾರಿಗೇನಾಯಿತೆಂದು ಕೇಳಿದರೆ ಕುಸುಮಾವತಿ, “ನಂದೇ ತಪ್ಪ್. ಹೊಂಡಕ್ಕ್ ಇಳ್ಸಿದೆ. ಚಂದಣ್ಣ ಎಂತ ಮಾಡುದ್?” ಎನ್ನುತ್ತಿದ್ದಳು. ಬಲೆಗಳ ರಾಶಿಯ ಆಚೆ ನಿಂತಿದ್ದ ಚಂದಯ್ಯನಿಗೆ ಅದು ಕೇಳಿಸಿತು. ಥೂ, ನನ್ನ ಜನ್ಮವೇ ಅನ್ನಿಸಿತು. ಮಧ್ಯಾಹ್ನ ನಾಚಿಕೆಯಿಂದ ಅನ್ನ ಸೇರಲಿಲ್ಲ.

ಸಂಜೆ ಅವಳ ಅಂಗಳಕ್ಕೆ ಹೋಗಿ ತಲೆ ತಗ್ಗಿಸಿ ನಿಂತ. “ತಪ್ಪ್ ನಂದ್ ಕುಸುಮ. ನಾ ಹಾಕಿದ್ ಎಣ್ಣಿಯಿಂದ್ಲೇ ಹಾಳಾದ್ದ್. ನೀರ್ ಅಂದದ್ದ್ ಸುಳ್ಳ್.”

“ಗೊತ್ತಿತ್ತ್. ತಿಂಗ್ಳಿಂದ ಮಳಿ ಇಲ್ಲೆ, ಹೊಂಡದಂಗೆ ನೀರ್ ಎಲ್ಲಿಂದ? ನಿಮ್ಮ್ ಹೆಸ್ರ್ ಹಾಳಾಪುದ್ ಬ್ಯಾಡ ಅಂದ್ ನಂದೇ ತಪ್ಪ್ ಅಂದೆ.” ಅವಳು ಸಿಟ್ಟು ಮಾಡಲಿಲ್ಲ. ಊದಿದ ಮಂಡಿ ನೀವಿಕೊಳ್ಳುತ್ತ ಕೇಳಿದಳು: “ಕಾರ್ ಹೋಯ್ಲಿ ಚಂದಣ್ಣ. ನಮ್ಮನಿ ಗಂಡಸ್ರ್ ಹೋಪ ಬೋಟಿಗೂ ಹೀಂಗೇ ಸುಳ್ಳ್ ‘ಅಡ್ಡಿಲ್ಲ’ ಹೇಳಿದ್ರ್ಯಾ?”

ಒಂದು ದಿನವೂ ಹೇಳಿರಲಿಲ್ಲ. ದೇವರ ಮೇಲೆ ಆಣೆ ಇಡಬಹುದಿತ್ತು. ಆದರೆ ಅದನ್ನು ನಂಬಬೇಕಾದವಳು, ನಿನ್ನೆಯಷ್ಟೇ ತಾನು ಸುಳ್ಳು ಹೇಳಿದ ಇವಳೇ. ಆಣೆ ಇಡಲು ಎತ್ತಿದ ಕೈಯನ್ನು ಚಂದಯ್ಯ ಹಾಗೇ ಕೆಳಗಿಳಿಸಿದ.